ಎಸಿ ಒತ್ತಿದೊಡನೆ ಮೂವತ್ತು ಕಿಲೋಮೀಟರ್ ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ. ಕಳೆದ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಟಿಯಾಗೊ ಇವಿ, ಅಂದರೆ ಟಾಟಾದ ಚಿಕ್ಕ ಎಲೆಕ್ಟ್ರಿಕ್ ಕಾರು, ತೆಗೆದುಕೊಂಡೆ. 2023ರ ಗಾಡಿ, ಬೇಸ್ ಮಾಡೆಲ್, 19.2 ಕಿಲೋವ್ಯಾಟ್‌ಅವರ್ ಬ್ಯಾಟರಿ. ಮೊಬೈಲ್ ಆಪ್ ಸಂಪರ್ಕ ಇಲ್ಲ. ಬ್ಯಾಟರಿ ಆರೋಗ್ಯ ಹೇಗಿದೆ ಎಂದು ತೋರಿಸುವ ಯಾವ ಪರದೆಯೂ ಇಲ್ಲ. ತಿಂಗಳಿಗೊಮ್ಮೆ ಅಮ್ಮನನ್ನು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಮಳೆಗಾಲ ಶುರುವಾದ ಮೇಲೆ ಮುಂದಿನ ಗಾಜು ಮಂಜಾಗಿ ದಾರಿಯೇ ಕಾಣುವುದಿಲ್ಲ. ಹೀಟರ್ ಹಾಕಿದರೆ ಚಾರ್ಜ್ ಖಾಲಿಯಾಗುತ್ತದೆಂಬ ಭಯ, ಹಾಕದಿದ್ದರೆ ಇನ್ನೊಂದು ಭಯ. ಎಸಿ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ಕಿಲೋಮೀಟರ್ ಒಮ್ಮೆಗೇ 30ರಷ್ಟು ಇಳಿಯುತ್ತದೆ. ಚಾರ್ಜ್ ಮಾಡುವಾಗ ಮುಂದಿನಿಂದ ಫ್ಯಾನ್ ಸದ್ದು ಬರುತ್ತದೆ, ಅದು ಸರಿಯೇ? ಇಲ್ಲಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬ್ಯಾಟರಿಗೆ ನೇರವಾಗಿ ವೋಲ್ಟ್ ಮೀಟರ್ ಕೂರಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಜೀವದ ವಿಷಯ. ಆ ವೋಲ್ಟ್ ಮೀಟರ್ ಖಂಡಿತ ಹಾಕಿಸಬೇಡಿ. ಬಾನೆಟ್ ತೆರೆದಾಗ ದಪ್ಪನೆಯ ಕಿತ್ತಳೆ ಬಣ್ಣದ ಕೇಬಲ್‌ಗಳು ಕಾಣುತ್ತವಲ್ಲ, ಅವುಗಳಲ್ಲಿ ಇರುವುದು ನೂರಾರು ವೋಲ್ಟ್‌ನ ಡಿಸಿ ಕರೆಂಟ್, ಅಂದರೆ ಒಂದೇ ದಿಕ್ಕಿಗೆ ಹರಿಯುವಂಥದ್ದು. ಮನೆಗೆ ಬರುವ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್ (ಅದಕ್ಕೂ ಎಸಿ ಎಂದೇ ಹೆಸರು, ತಂಪು ಮಾಡುವ ಎಸಿ ಅಲ್ಲ) ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಹಾಗಾಗಿ ಕಿಡಿ ಹತ್ತಿದರೂ ಆರುವ ಸಾಧ್ಯತೆ ಇದೆ. ಡಿಸಿಯಲ್ಲಿ ಕಿಡಿ ಹತ್ತಿದರೆ ಲೋಹ ಕರಗುವವರೆಗೆ ಉರಿಯುತ್ತಲೇ ಇರುತ್ತದೆ. ಆ ಕೇಬಲ್ ಮುಟ್ಟಲು ಬೇರೆ ಕೈಗವಸು, ಬೇರೆ ಟೂಲ್, ಬೇರೆ ತರಬೇತಿ ಬೇಕು. ಹನ್ನೆರಡು ವೋಲ್ಟ್‌ನ ಹಾರ್ನ್, ಲೈಟ್ ಕೆಲಸದಲ್ಲಿ ಎಷ್ಟೇ ನುರಿತವರಾದರೂ ಇದಕ್ಕೆ ಕೈ ಹಾಕಬಾರದು. ಸೀಲ್ ಮುರಿದರೆ ವಾರಂಟಿಯೂ ಹೋಗುತ್ತದೆ. ಬ್ಯಾಟರಿ ಮತ್ತು ಮೋಟಾರಿಗೆ ಕಂಪನಿ ಕೊಟ್ಟಿರುವುದು 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ. ಅದನ್ನು ಒಂದು ಮೀಟರಿಗಾಗಿ ಕಳೆದುಕೊಳ್ಳುವುದೇ?

ಅದಕ್ಕಿಂತ ಮುಖ್ಯವಾಗಿ, ಆ ಮೀಟರ್ ಕೂರಿಸಿದರೂ ನಿಮಗೆ ಏನೂ ತಿಳಿಯುವುದಿಲ್ಲ. ಕಾರಣವನ್ನು ಬ್ಯಾಟರಿ ಆರೋಗ್ಯದ ಮಾತಿಗೆ ಬಂದಾಗ ಹೇಳುತ್ತೇನೆ. ಮೊದಲು ಗಾಜಿನ ಮಂಜಿಗೆ ಬರೋಣ, ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿಯುವವರಿಗೆ ಅದೇ ತುರ್ತು.

ಇಲ್ಲಿಂದ ಮುಂದೆ ಎಲ್ಲ ಲೆಕ್ಕವನ್ನೂ ಯೂನಿಟ್‌ನಲ್ಲೇ ಹೇಳುತ್ತೇನೆ. ಮೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಅಂದರೆ ಒಂದು ಕಿಲೋವ್ಯಾಟ್‌ಅವರ್. ನಿಮ್ಮ ಬ್ಯಾಟರಿ 19.2 ಯೂನಿಟ್‌ನದು. ನಿಧಾನವಾಗಿ ಓಡಿಸಿದರೆ ಈ ಗಾತ್ರದ ಕಾರು ಒಂದು ಯೂನಿಟ್‌ಗೆ ಒಂಬತ್ತು ಕಿಲೋಮೀಟರ್ ಆಸುಪಾಸು ಕೊಡುತ್ತದೆ. ಬಿಡುಗಡೆಯಾದಾಗ ಹೇಳಿದ್ದ 250 ಕಿಲೋಮೀಟರ್ ಪ್ರಯೋಗಶಾಲೆಯ ರೋಲರ್ ಮೇಲೆ ಬಂದ ಅಂಕಿ. ಮಲೆನಾಡಿನ ರಸ್ತೆಯಲ್ಲಿ ಅದನ್ನು ಮರೆತುಬಿಡಿ.

ಗಾಜು ಏಕೆ ಮಂಜಾಗುತ್ತದೆ ಎಂಬುದು ಅಡುಗೆಮನೆಯಲ್ಲೇ ಕಂಡಿರುವ ಸಂಗತಿ. ಕುದಿಯುವ ಪಾತ್ರೆಯ ಮೇಲೆ ತಣ್ಣನೆಯ ತಟ್ಟೆ ಮುಚ್ಚಿದರೆ ಅದರ ಅಡಿಯಲ್ಲಿ ಹನಿಗಟ್ಟುತ್ತದೆ. ಕಾರಿನೊಳಗೆ ಮೂರು ಜನ ಕೂತು ಉಸಿರಾಡುತ್ತಿದ್ದಾರೆ, ಒದ್ದೆ ಕೊಡೆ ಕಾಲ ಬುಡದಲ್ಲಿದೆ, ಮ್ಯಾಟ್ ನೆನೆದಿದೆ. ಒಳಗಿನ ಗಾಳಿಯಲ್ಲಿ ತೇವ ಏರುತ್ತಲೇ ಇರುತ್ತದೆ. ಹೊರಗಿನಿಂದ ಮಳೆ ಬಡಿದು ಗಾಜು ತಣ್ಣಗಾಗಿದೆ. ತೇವ ಹೋಗಿ ಗಾಜಿಗೆ ಅಂಟುತ್ತದೆ. ಇದಕ್ಕೆ ಮದ್ದು ಬಿಸಿಗಾಳಿ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ನಿಜವಾದ ಮದ್ದು ಒಣಗಾಳಿ. ಒಣಗಾಳಿ ಕೊಡುವುದು ಎಸಿ.

ಎಸಿ ಓಡುವಾಗ ಡ್ಯಾಶ್‌ಬೋರ್ಡಿನ ಒಳಗಿರುವ ತಣ್ಣನೆಯ ಕಾಯಿಲ್ ಮೇಲೆ ಗಾಳಿ ಹಾದುಹೋಗುತ್ತದೆ. ಗಾಳಿಯಲ್ಲಿದ್ದ ನೀರು ಆ ಕಾಯಿಲ್ ಮೇಲೆ ಹನಿಯಾಗಿ ಇಳಿದು, ಪೈಪಿನ ಮೂಲಕ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ನಿಂತ ಕಾರಿನ ಕೆಳಗೆ ಕಾಣುವ ಆ ನೀರೇ, ನಿಮ್ಮ ಗಾಜಿಗೆ ಅಂಟಬೇಕಾಗಿದ್ದ ತೇವ. ಆದ್ದರಿಂದ ಮಳೆಯಲ್ಲಿ ಹೊರಡುವಾಗಲೇ ಎಸಿ ಹಾಕಿ, ಉಷ್ಣತೆಯನ್ನು 24ರಿಂದ 26ಕ್ಕೆ ಇಡಿ. ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಇದೆಯಲ್ಲ, ಕಾರಿನೊಳಗೆ ಬಾಣ ಸುತ್ತುವ ಚಿತ್ರದ್ದು, ಅದನ್ನು ಆಫ್ ಮಾಡಿ, ಹೊರಗಾಳಿ ಬರಲಿ. ಹೊರಗೆ ಮಳೆ ಇದ್ದರೂ, ಮೂರು ಜನ ಉಸಿರಾಡಿದ ಒಳಗಾಳಿಗಿಂತ ಹೊರಗಾಳಿಯಲ್ಲೇ ತೇವ ಕಡಿಮೆ. ಜನ ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಚಳಿ ಎಂದು ಎಸಿ ಆಫ್ ಮಾಡುತ್ತಾರೆ, ಧೂಳು ಎಂದು ಬೇಸಿಗೆಯಲ್ಲಿ ಒತ್ತಿದ ಆ ಬಟನ್ ಮಳೆಗಾಲದಲ್ಲೂ ಹಾಗೇ ಇರುತ್ತದೆ.

ಈಗ ಖರ್ಚು ನೋಡಿ. ಮಳೆಗಾಲದ ತಂಪು ಹವೆಯಲ್ಲಿ ತೇವ ತೆಗೆಯುವಷ್ಟು ಎಸಿ ಓಡಲು ಗಂಟೆಗೆ ಅರ್ಧ ಯೂನಿಟ್ ಸಾಕು. ಅದೇ ಬರೀ ಹೀಟರ್ ಪೂರ್ಣ ಬಲದಲ್ಲಿ ಹಾಕಿದರೆ ಗಂಟೆಗೆ ಎರಡರಿಂದ ನಾಲ್ಕು ಯೂನಿಟ್ ಎಳೆಯಬಲ್ಲದು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಬಿಸಿ ಹೇಗೂ ವ್ಯರ್ಥವಾಗುತ್ತಿತ್ತು, ಹೀಟರ್ ಪುಕ್ಕಟೆ ಸಿಗುತ್ತಿತ್ತು. ಇಲ್ಲಿ ಮೋಟಾರು ಅಷ್ಟು ಬಿಸಿಯಾಗುವುದೇ ಇಲ್ಲ. ಬಿಸಿ ಬೇಕೆಂದರೆ ಬ್ಯಾಟರಿಯಿಂದಲೇ ಮಾಡಬೇಕು. ಕಡಿಮೆ ಬೆಲೆಯ ಇ-ಕಾರುಗಳಲ್ಲಿ ಇರುವುದು ಪಿಟಿಸಿ ಹೀಟರ್, ಅಂದರೆ ಪಿಂಗಾಣಿಯಂಥ ಬಿಲ್ಲೆಗಳು. ಕರೆಂಟ್ ಹರಿದರೆ ಬಿಸಿಯಾಗುತ್ತವೆ, ಒಂದು ಮಟ್ಟ ಮುಟ್ಟಿದ ಮೇಲೆ ತಾವೇ ಕರೆಂಟನ್ನು ತಡೆದುಕೊಳ್ಳುತ್ತವೆ. ಹಾಗಾಗಿ ಅವು ಸುರಕ್ಷಿತ. ಆದರೆ ಒಂದು ಯೂನಿಟ್ ಕೊಟ್ಟರೆ ಒಂದು ಯೂನಿಟ್ ಬಿಸಿ ಅಷ್ಟೇ ವಾಪಸ್ ಸಿಗುತ್ತದೆ. ದುಬಾರಿ ಕಾರುಗಳಲ್ಲಿ ಬರುವ ಹೀಟ್ ಪಂಪ್, ಎಸಿಯನ್ನೇ ತಿರುವುಮುರುವಾಗಿ ಓಡಿಸಿ, ಒಂದು ಯೂನಿಟ್‌ಗೆ ಎರಡರಿಂದ ಮೂರು ಯೂನಿಟ್ ಬಿಸಿಯನ್ನು ಹೊರಗಾಳಿಯಿಂದ ಎಳೆದು ತರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಅದು ದೊಡ್ಡ ವರ. ನಮ್ಮ ಘಟ್ಟದ ಕಡೆ ಡಿಸೆಂಬರಿನ ಬೆಳಗಿನ ಜಾವಕ್ಕೆ ಅದಿಲ್ಲವೆಂದು ಕೊರಗಬೇಕಿಲ್ಲ. ಅಮ್ಮನಿಗೆ ಚಳಿಯಾದರೆ ಮಡಿಲ ಮೇಲೆ ಒಂದು ಶಾಲು, ಕಾಲಿಗೆ ಕಾಲುಚೀಲ. ಇಡೀ ಕಾರಿನ ಗಾಳಿ ಬಿಸಿ ಮಾಡುವುದಕ್ಕಿಂತ ಒಬ್ಬರ ಮೈ ಬೆಚ್ಚಗಿಡುವುದು ಸುಲಭ. ಅದು ಸಾಲದಿದ್ದರೆ ಧಾರಾಳವಾಗಿ ಹೀಟರ್ ಹಾಕಿ. ಹತ್ತು ನಿಮಿಷಕ್ಕೆ ಅರ್ಧ ಯೂನಿಟ್ ಹೋದರೆ ನಾಲ್ಕೈದು ಕಿಲೋಮೀಟರ್ ಹೋಯಿತು, ಅಷ್ಟೇ. ವಯಸ್ಸಾದವರನ್ನು ನಡುಗಿಸಿ ಉಳಿಸುವ ಚಾರ್ಜ್ ಯಾರಿಗೂ ಬೇಡ.

ಗಾಜಿನ ಬಗ್ಗೆ ಇನ್ನೂ ಒಂದು ಮಾತು. ಆಗುಂಬೆಯಲ್ಲಿ ಒಳಗಿನಿಂದ ಮಂಜಾಗುವ ಗಾಜು, ಹೆಬ್ರಿ ದಾಟಿ ಕೆಳಗಿನ ಸೆಕೆಗೆ ಬಂದ ಮೇಲೆ ಹೊರಗಿನಿಂದ ಮಂಜಾಗಬಹುದು. ಎರಡೂ ನೋಡಲು ಒಂದೇ ತರಹ. ಬೆರಳಿನಿಂದ ಒಳಗಿನ ಗಾಜಿನ ಮೇಲೆ ಒಂದು ಗೀರು ಎಳೆಯಿರಿ. ಗೀರು ಮೂಡಿದರೆ ತೇವ ಒಳಗಿದೆ. ಬೆರಳು ಒಣಗಿಯೇ ಇದ್ದು ಮಂಜು ಹಾಗೇ ಉಳಿದರೆ ಅದು ಹೊರಗಿನದು. ಕರಾವಳಿಯ ಬಿಸಿ ತೇವದ ಗಾಳಿ, ಎಸಿಯಿಂದ ತಣ್ಣಗಾದ ನಿಮ್ಮ ಗಾಜಿಗೆ ಹೊರಗಿನಿಂದ ಅಂಟುತ್ತಿದೆ. ಆಗ ಎಸಿ ಜೋರು ಮಾಡಿದಷ್ಟೂ ಮಂಜು ದಪ್ಪವಾಗುತ್ತದೆ. ವೈಪರ್ ಒಮ್ಮೆ ಆಡಿಸಿ, ಗಾಳಿಯನ್ನು ಗಾಜಿನಿಂದ ಮುಖದ ಕಡೆಗೆ ತಿರುಗಿಸಿ, ಉಷ್ಣತೆ ಎರಡು ಡಿಗ್ರಿ ಏರಿಸಿ. ಮೊದಲ ಸಲ ಹೀಗಾದಾಗ ನಾನು ಹದಿನೈದು ನಿಮಿಷ ಒಳಗಿನಿಂದ ಬಟ್ಟೆಯಲ್ಲಿ ಒರೆಸುತ್ತ ಕಾರನ್ನು ಆಮೆಯಂತೆ ನಡೆಸಿದ್ದೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಗಾಜಿನ ಒಳಮೈಯನ್ನು ಮಳೆಗಾಲಕ್ಕೆ ಮುಂಚೆ ಚೆನ್ನಾಗಿ ತೊಳೆಯಿರಿ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಡುವ ಆವಿ ಗಾಜಿಗೆ ಜಿಡ್ಡಾಗಿ ಹತ್ತಿರುತ್ತದೆ, ಮಂಜಿಗೆ ಆ ಜಿಡ್ಡೇ ಆಸರೆ. ಸೆಕೆಂಡ್ ಹ್ಯಾಂಡ್ ಗಾಡಿಯಾದ್ದರಿಂದ, ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಇದ್ದರೆ ಅದನ್ನೂ ಒಮ್ಮೆ ತೆಗೆಸಿ ನೋಡಿ. ಅದು ಕಟ್ಟಿಕೊಂಡಿದ್ದರೆ ಬ್ಲೋವರ್ ಸದ್ದು ಮಾಡುತ್ತದೆ, ಗಾಳಿ ಮಾತ್ರ ಬರುವುದಿಲ್ಲ.

ಈಗ ಆ ಮೂವತ್ತು ಕಿಲೋಮೀಟರಿನ ಕಥೆ. ಚಕ್ರ ತಿರುಗಿಸುವ ಖರ್ಚು ಕಿಲೋಮೀಟರ್ ಲೆಕ್ಕದ್ದು. ಎಸಿ, ಹೀಟರಿನ ಖರ್ಚು ಗಂಟೆ ಲೆಕ್ಕದ್ದು. ಇದೊಂದು ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಎಸಿ ಗಂಟೆಗೆ 0.7 ಯೂನಿಟ್ ತಿನ್ನುತ್ತದೆ ಎಂದುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಆ ಗಂಟೆಯಲ್ಲಿ ಕಾರು ಓಡಲು ಆರೂವರೆ ಯೂನಿಟ್ ಬೇಕು, ಎಸಿಯ ಪಾಲು ಅದರ ಹತ್ತನೇ ಒಂದು. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಕಡೆ ಗಂಟೆಗೆ 20 ಕಿಲೋಮೀಟರಿನಲ್ಲಿ ತೆವಳುತ್ತಿದ್ದರೆ ಓಡಲು ಬೇಕಾದದ್ದು ಎರಡೂಕಾಲು ಯೂನಿಟ್, ಎಸಿ ತಿನ್ನುವುದು ಅದೇ 0.7. ಅಂದರೆ ಮೂರನೇ ಒಂದು ಭಾಗಕ್ಕೆ ಹತ್ತಿರ. ಅದೇ ಎಸಿ, ಅದೇ ಕಾರು. ಜನರು ಒಬ್ಬರು ಶೇಕಡ ಹತ್ತು ಎನ್ನುತ್ತಾರೆ, ಇನ್ನೊಬ್ಬರು ಮೂವತ್ತು ಎನ್ನುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಡ್ಯಾಶ್‌ಬೋರ್ಡಿನ ಕಿಲೋಮೀಟರ್ ಸಂಖ್ಯೆ ಇತ್ತೀಚೆಗೆ ನೀವು ಓಡಿಸಿದ ರೀತಿಯ ಮೇಲೆ ಕಟ್ಟಿದ ಅಂದಾಜು. ಎಸಿ ಒತ್ತಿದೊಡನೆ, ಈ ಖರ್ಚು ಕೊನೆಯವರೆಗೂ ಹೀಗೇ ಇರುತ್ತದೆ ಎಂದು ಅದು ಲೆಕ್ಕ ಹಾಕಿ ಮೂವತ್ತನ್ನು ಕಳೆಯುತ್ತದೆ. ಬ್ಯಾಟರಿಯಿಂದ ಏನೂ ಸೋರಿ ಹೋಗಿಲ್ಲ. ಘಾಟಿ ಇಳಿದ ಮೇಲೆ ಅದೇ ಸಂಖ್ಯೆ ಏರಿ ಕೂತಿರುತ್ತದೆ. ಅದನ್ನೂ ನಂಬಬೇಡಿ, ಇಳಿಜಾರಿನ ಲೆಕ್ಕ ಹಿಡಿದು ಅದು ನಿಮ್ಮನ್ನು ಹೊಗಳುತ್ತಿದೆ ಅಷ್ಟೆ. ನೋಡಬೇಕಾದದ್ದು ಶೇಕಡಾವಾರು. ಒಂದು ಪರ್ಸೆಂಟ್ ಅಂದರೆ ನಿಮ್ಮ ಕಾರಿನಲ್ಲಿ ಸುಮಾರು 0.19 ಯೂನಿಟ್, ಸಮತಟ್ಟಿನಲ್ಲಿ ಒಂದೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು. ಇಷ್ಟು ನೆನಪಿಟ್ಟರೆ ಬಾಯಿಲೆಕ್ಕದಲ್ಲೇ ಸಾಗಬಹುದು.

ಬೇಸಿಗೆಯಲ್ಲಿ ಎಸಿ ಹೆಚ್ಚು ತಿನ್ನುವುದು ಮೊದಲ ಹತ್ತು ನಿಮಿಷದಲ್ಲಿ. ಬಿಸಿಲಿಗೆ ನಿಂತ ಕಾರಿನ ಒಳಗೆ ಸೀಟು, ಸ್ಟೀರಿಂಗ್, ಬಾಗಿಲು ಎಲ್ಲ ಕಾದಿರುತ್ತವೆ, ಆಗ ಎಸಿಯ ಕಂಪ್ರೆಸರ್ ಗಂಟೆಗೆ ಎರಡು ಯೂನಿಟ್ ಲೆಕ್ಕದಲ್ಲಿ ಎಳೆಯಬಹುದು. ನಾಲ್ಕೂ ಕಿಟಕಿ ಇಳಿಸಿ ಅರ್ಧ ಕಿಲೋಮೀಟರ್ ಓಡಿಸಿ, ಆಮೇಲೆ ಮುಚ್ಚಿ ಎಸಿ ಹಾಕಿ. ಆಗ ಮಾತ್ರ ಆ ಒಳಗಾಳಿ ಸುತ್ತುವ ಬಟನ್ ಒತ್ತಿ. ನೆರಳಲ್ಲಿ ನಿಲ್ಲಿಸುವುದು ಇದೆಲ್ಲಕ್ಕಿಂತ ಒಳ್ಳೆಯದು, ಎಸಿಗೂ, ಬ್ಯಾಟರಿಗೂ.

ಬ್ಯಾಟರಿಗೂ ಎಂದೆ. ಲಿಥಿಯಂ ಬ್ಯಾಟರಿಗೆ ವಯಸ್ಸಾಗುವುದು ಓಡಿಸಿದ್ದರಿಂದ ಮಾತ್ರವಲ್ಲ, ಸುಮ್ಮನೆ ನಿಂತರೂ ಆಗುತ್ತದೆ. ಬಿಸಿ ಹೆಚ್ಚಿದ್ದಷ್ಟೂ, ತುಂಬ ಚಾರ್ಜ್ ಆಗಿ ನಿಂತಷ್ಟೂ ಬೇಗ ಆಗುತ್ತದೆ. ಈ ಪಾಠವನ್ನು ಜಗತ್ತು ಕಲಿತದ್ದು ನಿಸ್ಸಾನ್ ಲೀಫ್ ಕಾರಿನಿಂದ. 2010ರ ಕೊನೆಯಲ್ಲಿ ಬಂದ ಆ ಕಾರಿನ ಬ್ಯಾಟರಿಗೆ ದ್ರವದ ಕೂಲಿಂಗ್ ಇರಲಿಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಬಿರುಬಿಸಿಲಿನಲ್ಲಿ ಎರಡೇ ವರ್ಷಕ್ಕೆ ಬ್ಯಾಟರಿ ಸಾಮರ್ಥ್ಯದ ಗೆರೆಗಳು ಒಂದೊಂದಾಗಿ ಮಾಯವಾಗತೊಡಗಿದವು. ಡ್ಯಾಶ್‌ಬೋರ್ಡಿನಲ್ಲಿ ಇರುತ್ತಿದ್ದದ್ದು 12 ಗೆರೆ. ಕೊನೆಗೆ, 5 ವರ್ಷ ಅಥವಾ 60 ಸಾವಿರ ಮೈಲಿಯೊಳಗೆ ಒಂಬತ್ತಕ್ಕಿಂತ ಕೆಳಗಿಳಿದರೆ ಸರಿಪಡಿಸಿಕೊಡುತ್ತೇವೆ ಎಂದು ಕಂಪನಿ ವಾರಂಟಿ ಬರೆದುಕೊಟ್ಟಿತು. ನಿಮ್ಮ ಕಾರಿನಲ್ಲಿ ಬ್ಯಾಟರಿಯನ್ನು ತಣಿಸಲು ಕೂಲೆಂಟ್ ಹರಿಯುತ್ತದೆ, ಸೆಲ್‌ಗಳೂ ಬಿಸಿಯನ್ನು ಹೆಚ್ಚು ತಾಳುವ ಎಲ್‌ಎಫ್‌ಪಿ ಜಾತಿಯವು, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಬೆಲೆ ಕಡಿಮೆಯ ಮಾಡೆಲ್ ಎಂದು ಈ ವಿಷಯದಲ್ಲಿ ನಿಮಗೆ ಮೋಸವಾಗಿಲ್ಲ, ಇದು ನನಗೆ ನಿಜಕ್ಕೂ ಸಂತೋಷದ ಸಂಗತಿ. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಓಡಾಡಲು ಶುರುವಾದಾಗ ಅದರ ಸೀಟಿನ ಕೆಳಗಿದ್ದದ್ದು 48 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ, ಅದಕ್ಕೆ ನೀರು ಹಾಕುತ್ತ ಇರಬೇಕಿತ್ತು. ಆ ದಿನಗಳನ್ನು ಕಂಡವರಿಗೆ ಈಗಿನ ಬೇಸ್ ಮಾಡೆಲ್ಲೇ ಅರಮನೆ.

ನೀವು ಕೇಳಿದ ಫ್ಯಾನ್ ಸದ್ದು ಆ ಕೂಲಿಂಗ್ ವ್ಯವಸ್ಥೆಯದೇ. ಚಾರ್ಜ್ ಆಗುವಾಗ ಬ್ಯಾಟರಿಯೂ ಚಾರ್ಜರೂ ಬಿಸಿಯಾಗುತ್ತವೆ, ಪಂಪ್ ಕೂಲೆಂಟನ್ನು ಸುತ್ತಿಸುತ್ತದೆ, ಫ್ಯಾನ್ ಅದನ್ನು ತಣಿಸುತ್ತದೆ. ಘಾಟಿ ಹತ್ತಿ ಬಂದು ನಿಲ್ಲಿಸಿದ ಮೇಲೂ ಕೆಲವು ನಿಮಿಷ ಓಡಬಹುದು. ಆ ಸದ್ದು ಕೇಳಿಸಿದರೆ ನೆಮ್ಮದಿಯಿಂದಿರಿ. ತಿಂಗಳಿಗೊಮ್ಮೆ, ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಬಾನೆಟ್ ಎತ್ತಿ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಕಡಿಮೆಯಾಗಿದ್ದರೆ ಬಾವಿ ನೀರು, ನಲ್ಲಿ ನೀರು ಹಾಕಬೇಡಿ, ಕಂಪನಿ ಹೇಳಿದ ಕೂಲೆಂಟೇ ಆಗಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಸರ್ವಿಸ್‌ಗೆ ಒಯ್ಯಿರಿ.

ಫ್ಯಾನಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಮನೆಯ ಗೋಡೆಯ ಸಾಕೆಟ್‌ಗೆ. 15 ಆಂಪಿಯರ್ ಸಾಕೆಟ್‌ನಲ್ಲಿ ಗೀಸರ್ ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಕಾರು ಏಳು ಗಂಟೆ ಎಡೆಬಿಡದೆ ಎಳೆಯುತ್ತದೆ. ಒಳಗಿನ ಸ್ಕ್ರೂ ಸ್ವಲ್ಪ ಸಡಿಲವಿದ್ದರೂ ಅಲ್ಲಿ ಬಿಸಿ ಹುಟ್ಟುತ್ತದೆ. ನಾನು ಬಿಚ್ಚಿ ನೋಡಿದ ಒಂದು ಸಾಕೆಟ್ ಹೊರಗಿನಿಂದ ಚೆನ್ನಾಗೇ ಇತ್ತು, ಎಡಗಡೆ ತೂತಿನ ಅಂಚು ಮಾತ್ರ ಸ್ವಲ್ಪ ಕಂದಾಗಿತ್ತು. ಹಿಂಬದಿಯಲ್ಲಿ ವೈರಿನ ಹೊದಿಕೆ ಎರಡು ಇಂಚು ಕರಗಿ ಕರಿಬೆಲ್ಲದಂತೆ ಅಂಟಿಕೊಂಡಿತ್ತು. ಚಾರ್ಜ್ ಶುರುವಾಗಿ ಒಂದು ಗಂಟೆಯ ಮೇಲೆ ಪ್ಲಗ್ಗಿನ ಪ್ಲಾಸ್ಟಿಕ್ ಮೈಯನ್ನು ಕೈಯಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಅಂದೇ ನಿಲ್ಲಿಸಿ. ಮೀಟರ್ ಬೋರ್ಡಿನಿಂದ ಪ್ರತ್ಯೇಕ 4 ಚದರ ಮಿಲಿಮೀಟರ್ ತಾಮ್ರದ ವೈರ್, ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್, ಇಷ್ಟು ಮಾಡಿಸಿ. ನಿಮ್ಮ ಎಲೆಕ್ಟ್ರಿಷಿಯನ್ ಅವರಿಗೆ ವೋಲ್ಟ್ ಮೀಟರಿನ ಬದಲು ಈ ಕೆಲಸ ಕೊಡಿ. ಮನೆ ವೈರಿಂಗ್ ಬಲ್ಲವರಾದರೆ ಇದು ಅವರ ಕೈಯ ಕೆಲಸ. ಹಾಗೇ ಆ ಲೈನಿಗೆ ಒಂದು ಸಬ್ ಮೀಟರ್, ಅಂದರೆ ಆ ಲೈನಿನ ಯೂನಿಟ್ ಮಾತ್ರ ಎಣಿಸುವ ಮೀಟರ್, ಕೂರಿಸಲು ಹೇಳಿ. ಅದೇ ನಿಮ್ಮ ಬ್ಯಾಟರಿ ಆರೋಗ್ಯದ ಮೀಟರ್.

ಹೇಗೆ ಎಂದರೆ, ಎಲ್‌ಎಫ್‌ಪಿ ಬ್ಯಾಟರಿಯ ಒಂದು ಗುಣ ತಿಳಿಯಬೇಕು. ಅದರ ಒಂದು ಸೆಲ್ಲಿನ ವೋಲ್ಟೇಜ್ 3.2ರ ಆಸುಪಾಸು. ಶೇಕಡ 30 ಚಾರ್ಜಿನಿಂದ 80ರವರೆಗೆ ಅದು ಅಲುಗಾಡುವುದೇ ಇಲ್ಲವೇನೋ ಎಂಬಷ್ಟು ಸಮ, ಬದಲಾವಣೆ ಒಂದು ವೋಲ್ಟ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಎಸಿ ಹಾಕಿದರೆ, ಏರು ಹತ್ತಿದರೆ ಆಗುವ ಏರಿಳಿತವೇ ಅದಕ್ಕಿಂತ ಹೆಚ್ಚು. ಆದ್ದರಿಂದಲೇ ಆ ವೋಲ್ಟ್ ಮೀಟರ್ ವ್ಯರ್ಥ ಎಂದದ್ದು. ಅರ್ಧ ತುಂಬಿದ್ದರೂ ಮುಕ್ಕಾಲು ತುಂಬಿದ್ದರೂ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಕಾರಿನ ಕಂಪ್ಯೂಟರಿಗೂ ಇದೇ ಕಷ್ಟ. ಅದು ಹಾಲಿನ ಡೈರಿಯವರಂತೆ ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂದು ಲೆಕ್ಕ ಬರೆಯುತ್ತ ಶೇಕಡಾವಾರು ತೋರಿಸುತ್ತದೆ. ದಿನವೂ ನಲವತ್ತರಿಂದ ಎಪ್ಪತ್ತಕ್ಕೆ ಮಾತ್ರ ಚಾರ್ಜ್ ಮಾಡುತ್ತಿದ್ದರೆ ಸಣ್ಣ ಸಣ್ಣ ತಪ್ಪು ಸೇರಿ ಲೆಕ್ಕ ಜಾರುತ್ತದೆ. ಒಂದು ದಿನ 22 ಇದ್ದದ್ದು ಇದ್ದಕ್ಕಿದ್ದಂತೆ 14ಕ್ಕೆ ಬೀಳುತ್ತದೆ, ಬ್ಯಾಟರಿ ಹೋಯಿತೆಂದು ಜನ ಹೆದರುತ್ತಾರೆ. ಪೂರ್ಣ 100 ಮುಟ್ಟಿದಾಗ ಮಾತ್ರ ವೋಲ್ಟೇಜ್ ಚುರುಕಾಗಿ ಏರುತ್ತದೆ. ಆಗ ಕಂಪ್ಯೂಟರ್ ಹಳೆಯ ಲೆಕ್ಕ ತಿದ್ದಿಕೊಳ್ಳುತ್ತದೆ, ಸೆಲ್‌ಗಳನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಹಾಗಾಗಿ ವಾರಕ್ಕೊಮ್ಮೆ, ತಪ್ಪಿದರೆ ಹದಿನೈದು ದಿನಕ್ಕೊಮ್ಮೆ, ಮನೆಯ ಸಾಕೆಟ್‌ನಲ್ಲೇ ನಿಧಾನವಾಗಿ 100ರವರೆಗೆ ಮಾಡಿ, ತಾನಾಗಿ ನಿಲ್ಲುವವರೆಗೂ ಬಿಡಿ. ತುಂಬಿಸಿದ ಮೇಲೆ ವಾರಗಟ್ಟಲೆ ಬಿಸಿಲಲ್ಲಿ ನಿಲ್ಲಿಸಬೇಡಿ. ಊರಿಗೆ ಹೋಗುವುದಿದ್ದರೆ ಅರ್ಧದಷ್ಟು ಚಾರ್ಜ್ ಇಟ್ಟು ನೆರಳಲ್ಲಿ ಬಿಟ್ಟು ಹೋಗಿ.

ಆರೋಗ್ಯದ ಅಳತೆ ಹೀಗೆ. ಕಾರು 20 ಪರ್ಸೆಂಟ್‌ಗೆ ಇಳಿದ ದಿನ, ಎರಡು ಗಂಟೆ ತಣಿಯಲು ಬಿಟ್ಟು, ಸಬ್ ಮೀಟರಿನ ಅಂಕಿ ಬರೆದುಕೊಂಡು ಚಾರ್ಜಿಗೆ ಹಾಕಿ. ಬೆಳಿಗ್ಗೆ 100 ಆಗಿ ನಿಂತ ಮೇಲೆ ಮತ್ತೆ ಅಂಕಿ ಬರೆಯಿರಿ. 19.2ರ ಶೇಕಡ 80 ಅಂದರೆ 15.4 ಯೂನಿಟ್. ಚಾರ್ಜರಿನಲ್ಲಿ ಬಿಸಿಯಾಗಿ, ಪಂಪ್ ಫ್ಯಾನುಗಳಲ್ಲಿ ಹತ್ತರಿಂದ ಹದಿನೈದು ಪರ್ಸೆಂಟ್ ಸೋರುತ್ತದೆ, ಆದ್ದರಿಂದ ಮೀಟರಿನಲ್ಲಿ 17ರಿಂದ 18 ಯೂನಿಟ್ ಕಂಡರೆ ಬ್ಯಾಟರಿ ಗಟ್ಟಿಮುಟ್ಟಾಗಿದೆ. ಕಂಪನಿ ಸ್ವಲ್ಪ ಭಾಗವನ್ನು ಮೀಸಲಾಗಿ ಒಳಗೇ ಇಟ್ಟುಕೊಂಡಿರಬಹುದು, ಹಾಗಾಗಿ 16 ಚಿಲ್ಲರೆ ಬಂದರೂ ಎದೆಗುಂದಬೇಡಿ. ಒಂದೇ ಸಲದ ಅಂಕಿಗೆ ಬೆಲೆ ಇಲ್ಲ. ಎರಡು ಮೂರು ಸಲ ಮಾಡಿ ಸರಾಸರಿ ಬರೆದಿಡಿ, ಮುಂದಿನ ವರ್ಷ ಅದೇ ತಿಂಗಳಲ್ಲಿ ಮತ್ತೆ ಅಳೆಯಿರಿ. ಹವೆ ಬದಲಾದರೆ ಸೋರಿಕೆಯೂ ಬದಲಾಗುತ್ತದೆ, ಅದಕ್ಕೇ ಅದೇ ತಿಂಗಳು. ಈ ವರ್ಷ 17.5 ಬಂದದ್ದು ಮುಂದಿನ ವರ್ಷ 17.2 ಆದರೆ ಸಹಜ. 15.7ಕ್ಕೆ ಇಳಿದರೆ ಒಂದೇ ವರ್ಷದಲ್ಲಿ ಹತ್ತು ಪರ್ಸೆಂಟ್ ಹೋಯಿತು ಎಂದರ್ಥ, ಅಂಕಿ ಬರೆದಿಟ್ಟ ಪುಸ್ತಕ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಿ ಬ್ಯಾಟರಿ ಆರೋಗ್ಯದ ವರದಿಯನ್ನು ಲಿಖಿತವಾಗಿ ಕೇಳಿ. ಎರಡನೇ ಮಾಲೀಕರಾದ್ದರಿಂದ ವಾರಂಟಿ ನಿಮ್ಮ ಹೆಸರಿಗೆ ಬಂದಿದೆಯೇ ಎಂಬುದನ್ನು ಈಗಲೇ ಕಾಗದದಲ್ಲಿ ಪಡೆದಿಡಿ, ತೊಂದರೆ ಬಂದ ದಿನ ಓಡಾಡುವುದಲ್ಲ.

ಇನ್ನೂ ಒಳಗೆ ಇಣುಕಬೇಕೆನಿಸಿದರೆ ಸ್ಟೀರಿಂಗ್ ಕೆಳಗೆ ಓಬಿಡಿ ಪೋರ್ಟ್ ಇದೆ, ಮೆಕ್ಯಾನಿಕ್‌ಗಳು ಕಾರಿನ ಕಂಪ್ಯೂಟರನ್ನು ಓದಲು ಬಳಸುವ ಕಿಂಡಿ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ಆನ್‌ಲೈನಿನಲ್ಲಿ ಸಿಗುತ್ತದೆ. ಲೀಫ್ ಮಾಲೀಕರು ಲೀಫ್ ಸ್ಪೈ ಎಂಬ ಆಪ್ ಹಾಕಿಕೊಂಡು ತಮ್ಮ ಬ್ಯಾಟರಿಯ ಒಂದೊಂದು ಸೆಲ್ ಜೋಡಿಯ ವೋಲ್ಟೇಜನ್ನೂ ನೋಡುತ್ತಾರೆ. ಆಪ್ ಕೊಳ್ಳುವ ಮುಂಚೆ ನಿಮ್ಮ ಮಾಡೆಲ್ ಅದರ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ಸಿಕ್ಕರೆ ಎರಡೇ ಸಂಗತಿ ಗಮನಿಸಿ: ಬ್ಯಾಟರಿಯ ಉಷ್ಣತೆ, ಮತ್ತು ಅತಿ ಹೆಚ್ಚು ಹಾಗೂ ಅತಿ ಕಡಿಮೆ ಇರುವ ಸೆಲ್‌ಗಳ ನಡುವಿನ ಅಂತರ. ಆ ಅಂತರವನ್ನು ಅರ್ಧ ಚಾರ್ಜಿನಲ್ಲಿ ನೋಡಿ ಸಮಾಧಾನಪಡಬೇಡಿ, ಅಲ್ಲಿ ಎಲ್ಲ ಸೆಲ್‌ಗಳೂ ಒಂದೇ ತರಹ ಕಾಣುತ್ತವೆ. ಸೋತ ಸೆಲ್ ಸಿಕ್ಕಿಬೀಳುವುದು ಇಪ್ಪತ್ತರ ಕೆಳಗೆ, ಏರು ಹತ್ತುವಾಗ. ಓದುವುದಷ್ಟೇ ನಿಮ್ಮ ಕೆಲಸ, ಕೋಡ್ ಅಳಿಸುವ, ಸೆಟ್ಟಿಂಗ್ ಬದಲಿಸುವ ಬಟನ್‌ಗಳನ್ನು ಮುಟ್ಟಬೇಡಿ. ಕೆಲಸ ಮುಗಿದೊಡನೆ ಡಾಂಗಲ್ ಕಿತ್ತಿಡಿ. ಸ್ನೇಹಿತರೊಬ್ಬರು ಅದನ್ನು ಹಾಗೇ ಬಿಟ್ಟು ಒಂಬತ್ತು ದಿನ ಊರಿಗೆ ಹೋಗಿದ್ದರು. ಬಂದು ನೋಡಿದರೆ ಬಾಗಿಲೂ ತೆರೆಯಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ 80 ಪರ್ಸೆಂಟ್ ಚಾರ್ಜ್ ಇತ್ತು, ಕಾರನ್ನು ಎಬ್ಬಿಸುವ ಚಿಕ್ಕ 12 ವೋಲ್ಟ್ ಬ್ಯಾಟರಿ ಸತ್ತಿತ್ತು. ಆ ಚಿಕ್ಕ ಬ್ಯಾಟರಿ ನಿಮ್ಮ ಕಾರಿನಲ್ಲೂ ಇದೆ, ಮಳೆಗಾಲಕ್ಕೆ ಮುಂಚೆ ಪರೀಕ್ಷೆ ಮಾಡಿಸಿ.

ಈಗ ಮಣಿಪಾಲದ ದಾರಿ. ಸುಮಾರು 85 ಕಿಲೋಮೀಟರ್ ಎಂದುಕೊಳ್ಳೋಣ, ಒಂದು ಕಡೆಗೆ ಎರಡು ಗಂಟೆ ಚಿಲ್ಲರೆ. ತೀರ್ಥಹಳ್ಳಿಗೂ ಮಣಿಪಾಲಕ್ಕೂ ಎತ್ತರದ ವ್ಯತ್ಯಾಸ ಅರ್ಧ ಕಿಲೋಮೀಟರ್. ಜನರೂ ಸೇರಿ 1,400 ಕಿಲೋ ತೂಗುವ ಕಾರನ್ನು ಅಷ್ಟೆತ್ತರ ಎತ್ತಲು ಎರಡು ಯೂನಿಟ್ ಬೇಕು. ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ರೀಜೆನ್ ವಾಪಸ್ ತರುತ್ತದೆ, ಅಂದರೆ ಮೋಟಾರೇ ಜನರೇಟರಿನಂತೆ ತಿರುಗಿ ವೇಗ ತಗ್ಗಿಸುತ್ತ ಬ್ಯಾಟರಿ ತುಂಬಿಸುತ್ತದೆ. ಮನೆಯಿಂದ 100 ಚಾರ್ಜ್ ಮಾಡಿ ಹೊರಟರೂ ಆಗುಂಬೆ ಮುಟ್ಟುವ ಹೊತ್ತಿಗೆ ಇಪ್ಪತ್ತು ಪರ್ಸೆಂಟ್ ಖಾಲಿಯಾಗಿರುತ್ತದೆ, ಹಾಗಾಗಿ ಘಾಟಿಯಲ್ಲಿ ರೀಜೆನ್‌ಗೆ ಜಾಗವಿರುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನೂ ಹೆಚ್ಚಿನ ರೀಜೆನ್ ಮಟ್ಟದಲ್ಲೇ ಇಳಿಯಿರಿ. ಬ್ರೇಕ್ ಕಾಯುವುದಿಲ್ಲ, ಅಮ್ಮನಿಗೆ ಎಳೆದಾಟವೂ ಕಡಿಮೆ. ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆಯುವುದು ರೂಢಿಯಾಗಲಿ. ಎಸಿ ಓಡುತ್ತಲೇ ಇರಲಿ.

ಈ ಲೆಕ್ಕದಲ್ಲಿ ಹೋಗುವಾಗ ಎಸಿಯೂ ಸೇರಿ ಹತ್ತು ಯೂನಿಟ್‌ನೊಳಗೆ, ಅಂದರೆ ಅರ್ಧ ಬ್ಯಾಟರಿ. ಬರುವಾಗ ಏರು ಸೇರಿ ಹದಿಮೂರು ಯೂನಿಟ್, ಅಂದರೆ ಎಪ್ಪತ್ತು ಪರ್ಸೆಂಟ್. ಹೋಗುವಾಗ ಅರ್ಧ ಉಳಿಯಿತೆಂದು ಅದೇ ಅರ್ಧದಲ್ಲಿ ವಾಪಸ್ ಹೊರಟರೆ ಘಾಟಿಯಲ್ಲೇ ಕೂರಬೇಕಾಗುತ್ತದೆ. ಅಮ್ಮ ವೈದ್ಯರಿಗೆ ಕಾಯುವ ಹೊತ್ತಿನಲ್ಲಿ ಮಣಿಪಾಲ ಅಥವಾ ಉಡುಪಿಯ ಫಾಸ್ಟ್ ಚಾರ್ಜರಿನಲ್ಲಿ 95ಕ್ಕೆ ತಂದುಕೊಳ್ಳಿ, ಒಂದು ಗಂಟೆ ಹಿಡಿಯಬಹುದು, ಎಂಬತ್ತು ದಾಟಿದ ಮೇಲೆ ನಿಧಾನವಾಗುತ್ತದೆ. ಆಗ ಮನೆ ಮುಟ್ಟಿದಾಗ ಇಪ್ಪತ್ತೈದು ಉಳಿದಿರುತ್ತದೆ. ಆ ಇಪ್ಪತ್ತೈದನ್ನು ಬೇರೆ ಯಾವುದಕ್ಕೂ ಖರ್ಚು ಮಾಡಬೇಡಿ. ಜುಲೈ ತಿಂಗಳಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಹೊಸನಗರದ ಮೇಲೆ ಸುತ್ತಿ ಬರಬೇಕಾಗುತ್ತದೆ. ಅಂಥ ದಿನ ಕೆಳಗೇ 100 ತುಂಬಿಸಿ, ಕುಂದಾಪುರದಲ್ಲಿ ಇನ್ನೊಮ್ಮೆ ಸೇರಿಸಿಕೊಂಡೇ ಹತ್ತಿ. ಹೊರಡುವ ಮುಂಚೆ ಹೆಬ್ರಿಯಲ್ಲಿ ಯಾರಿಗಾದರೂ ಫೋನ್ ಮಾಡಿ ಘಾಟಿ ತೆರೆದಿದೆಯೇ ಎಂದು ಕೇಳಿಕೊಳ್ಳಿ.